ವಲ್ಕೌಲ್ ಎಂದರೆ ಗುಂಡಿಯೋ, ಗೂಬೆಯೋ?

ನೆದರ್ಲೆಂಡ್ಸ್‌ನ ಐಂಡ್‌ಹೋವನ್‌ಗೆ ಬಂದ ಮೊದಲ ತಿಂಗಳು ಮನೆ ಮಾಲೀಕರಿಂದ ಡಚ್ ಭಾಷೆಯಲ್ಲಿ ಒಂದು ಪತ್ರ ಬಂತು. ಅದರಲ್ಲಿ ಒಂದು ಪದಕ್ಕೇ 29 ಅಕ್ಷರ. ನಡುವೆ ಉಸಿರಾಡೋಕೆ ಸಂದಿಲ್ಲ. ಕನ್ನಡದಲ್ಲಿ ಬರೆದರೆ ಹೆಚ್ಚು ಕಡಿಮೆ ಹೀಗೆ: ಆನ್‌ಸ್ಪ್ರಾಕಲಕ್‌ಹೈಟ್ಸ್‌ಫರ್‌ಝೇಕರಿಂಗ್. ಇದು ನಿಮ್ಮ ಹತ್ತಿರ ಇದೆಯಾ ಅಂತ ಕೇಳಿದ್ದರು. ಇದೆಯೋ ಇಲ್ಲವೋ ಹೇಳಬೇಕಾದರೆ ಅದೇನು ಅಂತ ಗೊತ್ತಿರಬೇಕಲ್ಲ!

ಎಡದಿಂದ ಶುರು ಮಾಡಿದೆ. 'ಸ್ಪ್ರಾಕ್' ಅಂದರೆ ಮಾತು ಅಂತ ಅಷ್ಟು ಹೊತ್ತಿಗೆ ಕಲಿತಿದ್ದೆ. ಹಾಗಾದರೆ ಟೆಲಿಫೋನ್ ವಿಷಯ ಇರಬೇಕು ಅಂದುಕೊಂಡೆ. ಮರುದಿನ ಊಟದ ಹೊತ್ತಿಗೆ ಸಹೋದ್ಯೋಗಿಯೊಬ್ಬರಿಗೆ ತೋರಿಸಿದೆ. ಅವರು ಪದದ ಎಡಭಾಗವನ್ನು ಹೆಬ್ಬೆರಳಿನಿಂದ ಮುಚ್ಚಿ, 'ಬಾಲ ಮೊದಲು ಓದು' ಅಂದರು. ಬಾಲದಲ್ಲಿ 'ಫರ್‌ಝೇಕರಿಂಗ್', ಅಂದರೆ ವಿಮೆ. ಅದಕ್ಕೂ ಮೊದಲಿರೋದು ಎಂಥ ವಿಮೆ ಅಂತ ಹೇಳುತ್ತದೆ, ಅಷ್ಟೇ. 'ಆನ್‌ಸ್ಪ್ರಾಕಲಕ್' ಅಂದರೆ ಹೊಣೆಗಾರ. 'ಹೈಟ್' ನಮ್ಮ '-ಇಕೆ' ಇದ್ದ ಹಾಗೆ. ಹೊಣೆಗಾರಿಕೆ ವಿಮೆ! ನಮ್ಮ ಮಗ ಪಕ್ಕದ ಮನೆಯ ಕಿಟಕಿ ಒಡೆದರೆ ದುಡ್ಡು ಕೊಡುವಂಥದ್ದು.

ಅಲ್ಲಿಂದ ಒಂದು ನೋಟ್‌ಬುಕ್ ಇಟ್ಟೆ. ಡಚ್ ಪದಗಳನ್ನು ಕನ್ನಡ ಲಿಪಿಯಲ್ಲಿ ಬರೆದುಕೊಳ್ಳುತ್ತಿದ್ದೆ. ಎಡವಟ್ಟಾಗಿದ್ದು ಅಲ್ಲೇ. ನಮ್ಮ ಲಿಪಿ ಪದದ ನಡುವೆ ವ್ಯಂಜನವನ್ನು ಸಾಮಾನ್ಯವಾಗಿ ಒಂಟಿಯಾಗಿ ಬಿಡೋದಿಲ್ಲ, ಹಿಂದಿನ ಅಕ್ಷರಕ್ಕೆ ಒತ್ತಾಗಿಯೋ ಮುಂದಿನ ಸ್ವರದ ಜೊತೆಗೋ ಅಂಟಿಸಿಬಿಡುತ್ತದೆ. 'ವಲ್ಕೌಲ್' ಅಂತ ಬರೆದಿದ್ದೆ. ವಾರ ಬಿಟ್ಟು ನೋಡಿದರೆ ಎಲ್ಲಿ ಕತ್ತರಿಸಬೇಕು ಅಂತ ಗೊತ್ತಾಗಲಿಲ್ಲ. ವಲ್+ಕೌಲ್ ಆದರೆ ಬೀಳಿಸುವ ಗುಂಡಿ. ವಲ್ಕ್+ಔಲ್ ಆದರೆ ಡೇಗೆ-ಗೂಬೆ. ನಿಜವಾದ ಪದ ಗುಂಡಿಯದು. ಗೂಬೆ ಡಚ್ಚರೇ ತಮಾಷೆಗೆ ಹುಟ್ಟಿಸಿದ್ದು.

'ಡೈಕ್ರಂಪ್' ಕೂಡ ಹಾಗೇ. ಡೈಕ್+ರಂಪ್ ಎಂದರೆ ಸಮುದ್ರದ ಒಡ್ಡು ಒಡೆದ ದುರಂತ. ಡೈ+ಕ್ರಂಪ್ ಎಂದರೆ ತೊಡೆ ಹಿಡಿದುಕೊಳ್ಳೋದು. 'ರಂಪ್' ನನಗೆ ಒಂದೇ ಸಲಕ್ಕೆ ನೆನಪುಳಿಯಿತು, ನಮ್ಮ ರಂಪ ಇದೆಯಲ್ಲ! ಆದರೆ ಇಲ್ಲಿ ಅದು ಹಗುರ ಪದವಲ್ಲ. 1953ರ ಫೆಬ್ರವರಿ 1ರ ಪ್ರವಾಹದಲ್ಲಿ ಈ ದೇಶದ 1,836 ಜನ ಸತ್ತರು. ಅದರ ಹೆಸರೇ 'ವಾಟರ್ಸ್‌ನೋಟ್‌ರಂಪ್'. ನೀರು, ಸಂಕಟ, ದುರಂತ, ಮೂರೂ ಒಂದೇ ಪದದಲ್ಲಿ.

ಕೊನೆಗೆ ದಾರಿ ತೋರಿಸಿದ್ದು ಕಿವಿ. 'ಆವಂಟ್' ಅಂದರೆ ಸಂಜೆ. ಬರೆಯೋದು 'ಡಿ', ಹೇಳೋದು 'ಟ್'. ಪದದ ಕೊನೆಯಲ್ಲಿ ಡ, ಬ ಗಟ್ಟಿಯಾಗಿ ಟ, ಪ ಆಗುತ್ತವೆ. ಸಂಜೆಗಳು ಅಂದರೆ 'ಆವಂಡನ್', ಅಲ್ಲಿ ಡ ವಾಪಸ್ ಬರುತ್ತದೆ. ಆದರೆ ರಾತ್ರಿ ಊಟಕ್ಕೆ 'ಆವಂಟ್‌ಏಟನ್'. ಮುಂದೆ ಸ್ವರ ಇದ್ದರೂ ಟ್ ಹಾಗೇ ನಿಲ್ಲುತ್ತದೆ. ಅಂದರೆ ಕಿವಿಗೆ ಆ ಪದ ಅಲ್ಲಿಗೆ ಮುಗಿದಿದೆ, ಬೆಸುಗೆ ಅಲ್ಲೇ. ಸಾಲಿನ ಕೊನೆಯಲ್ಲಿ ಪದ ಮುರಿಯಬೇಕಾದರೂ ಆವಂಟ್ ಆದಮೇಲೆಯೇ ಅಡ್ಡಗೆರೆ. ಒಂಟಿ ಪದದಲ್ಲಾದರೆ ಎರಡು ಸ್ವರದ ನಡುವಿನ ಒಂದು ವ್ಯಂಜನ ಮುಂದಿನ ತುಂಡಿಗೆ ಹೋಗುತ್ತದೆ, ಜೋಡಿ ಪದದಲ್ಲಿ ಬೆಸುಗೆಯ ಮಾತೇ ಮೊದಲು.

ನಮ್ಮದು ಇದರ ಉಲ್ಟಾ ಅಲ್ವಾ? ಮಳೆ+ಕಾಲ ಸೇರಿ ಮಳೆಗಾಲ. ಜೋಡಿಸಿದ ಕಡೆ ನಾವು ಮೆತ್ತಗಾಗುತ್ತೇವೆ, ಅವರು ಗಟ್ಟಿಯಾಗುತ್ತಾರೆ. ಯಾವಾಗಲೂ ಅಲ್ಲ ಅನ್ನಿ. ಕರವಸ್ತ್ರಕ್ಕೆ ಝಕ್+ಡುಕ್, ಹೇಳುವಾಗ 'ಝಗ್ಡುಕ್'. ವಾಕ್+ದಾನ ವಾಗ್ದಾನ ಆದ ಹಾಗೇ. ಇದನ್ನು ಕೇಳಿದ ದಿನ ನನಗೆ ಹೈಸ್ಕೂಲಿನ ಸಂಧಿ ಪಾಠದ ಮೇಲೆ ಇದ್ದ ಸಿಟ್ಟು ಸ್ವಲ್ಪ ಇಳಿಯಿತು.

ನಡುವಿನ ಕೊಂಡಿಗಳದ್ದು ಬೇರೆ ತಲೆನೋವು. ವಿಮೆಯ ಪದದಲ್ಲಿ 'ಹೈಟ್' ಆದಮೇಲೆ ಬರುವ 'ಸ್' ಬರೀ ಅಂಟು, ಅದಕ್ಕೆ ಅರ್ಥ ಹುಡುಕಬೇಡಿ. ಕೆಲವು ಕಡೆ ಬಹುವಚನದಂತೆ ಕಾಣುವ 'ಎನ್' ಬರುತ್ತದೆ. 1995ರ ಕಾಗುಣಿತ ಬದಲಾವಣೆಯಲ್ಲಿ ದೋಸೆಯಂಥ ಅವರ 'ಪನ್ನಕುಕ್' ಪದಕ್ಕೂ ನಡುವೆ ಒಂದು 'ಎನ್' ಸೇರಿತು. ಬಿಸಿಲಿನ ಪದಕ್ಕೆ ಮಾತ್ರ ಬೇಡ, ಸೂರ್ಯ ಒಬ್ಬನೇ ತಾನೆ ಅನ್ನೋದು ಕಾರಣ. ಇಷ್ಟೆಲ್ಲ ಮಾಡಿ ಮಾತಾಡುವಾಗ ಆ 'ನ್' ಅನ್ನು ಬಹಳ ಜನ ಹೇಳೋದೇ ಇಲ್ಲ.

ಬಾಲದಿಂದ ಇನ್ನೊಂದು ಲಾಭ ಇದೆ. ಇಂಗ್ಲಿಷಿನ 'ದ' ಥರ ಪದದ ಹಿಂದೆ ಮೊದಲೇ ಬರುವ 'ಡ' ಹಾಕಬೇಕೋ 'ಹೆಟ್' ಹಾಕಬೇಕೋ ಅನ್ನೋದನ್ನೂ ಅದೇ ಹೇಳುತ್ತದೆ. ಹೌಸ್ ಅಂದರೆ ಮನೆ, ಅದಕ್ಕೆ 'ಹೆಟ್'. ಹಾಗಾಗಿ ಆಸ್ಪತ್ರೆಯ 'ಝೀಕನ್‌ಹೌಸ್'ಗೂ 'ಹೆಟ್'. 'ಹೌಸ್‌ಆರ್ಟ್ಸ್' ಅಂದರೆ ಕುಟುಂಬದ ಡಾಕ್ಟರ್, ಅಲ್ಲಿ ಬಾಲ ಡಾಕ್ಟರದ್ದು, ಆದ್ದರಿಂದ 'ಡ'. (ಆ 'ಹೌ' ನಿಜವಾಗಿ ಔ ಮತ್ತು ಐ ನಡುವಿನ ಸದ್ದು. ನನ್ನ ಬಾಯಿಗೆ ಇನ್ನೂ ಬಂದಿಲ್ಲ.)

ಈಗ ನೋಟ್‌ಬುಕ್‌ನಲ್ಲಿ ಒತ್ತಕ್ಷರ ಬಿಟ್ಟಿದ್ದೇನೆ. ಬೆಸುಗೆ ಇರುವ ಕಡೆ ಕೆಂಪು ಪೆನ್ನಿನಲ್ಲಿ ಒಂದು ಗೀಟು. ಕಸದ ತೆರಿಗೆಯ ಬಿಲ್ ಬಂದರೆ ಅಫ್‌ಫಲ್ | ಸ್ಟೊಫನ್ | ಹೆಫಿಂಗ್ ಅಂತ ಕಣ್ಣೇ ಗೀಟು ಹಾಕಿಕೊಳ್ಳುತ್ತದೆ.

ಆದರೂ ಮೊನ್ನೆ ಸೊಂಟ ನೋವಿಗೆ ಫಿಸಿಯೋಥೆರಪಿಗೆ ಹೋಗಿದ್ದಾಗ ಗೋಡೆಯ ಮೇಲೆ ಒಂದು ಪದ ಕಂಡಿತು. ರೂಢಿಯಂತೆ ಬಾಲ ಹಿಡಿದೆ. 'ಖೆಬೆಟ್', ಪ್ರಾರ್ಥನೆ. ಅದಕ್ಕೂ ಮೊದಲು 'ಮಸ್ಸಾ'. ಸಾಮೂಹಿಕ ಪ್ರಾರ್ಥನೆ! ಇಲ್ಲಿ ಯಾಕೆ ಅಂತ ನೋಡುತ್ತಾ ಕೂತೆ. ನಾನು ಖ ಅಂತ ಓದಿದ 'ಜಿ' ಅಕ್ಷರ ಇಲ್ಲಿ ಝ, ಅದು ಮಸಾಝೆ+ಬೆಟ್, ಮಸಾಜ್ ಮಾಡುವ ಮಂಚ ಅಂತ ಹೊಳೆದದ್ದು ನನ್ನನ್ನು ಅದರ ಮೇಲೆ ಮಲಗಿಸಿದಾಗ.