ಸರ್ವರ್ ಬಯಾಸ್‌ನಲ್ಲಿ ಒಳಸಾಧನಗಳ ಸೆಟ್ಟಿಂಗ್: ಮಳೆಗಾಲಕ್ಕೆ ಮುಂಚೆ ಮಾಡಿ ಮುಗಿಸಿ

ಶಿರಸಿಯ ಸಹಕಾರಿ ಸಂಘವಿರಲಿ, ಕಾರವಾರದ ಸಣ್ಣ ಕಚೇರಿಯಿರಲಿ, ಇರುವುದು ಸಾಮಾನ್ಯವಾಗಿ ಒಂದೇ ಸರ್ವರ್. ಅದು ನಿಂತರೆ ಹುಬ್ಬಳ್ಳಿಯಿಂದ ಎಂಜಿನಿಯರ್ ಬರುವ ತನಕ ಬಿಲ್ಲೂ ಇಲ್ಲ, ಪಾಸ್‌ಬುಕ್ಕೂ ಇಲ್ಲ. ಘಟ್ಟದಲ್ಲಿ ಮಣ್ಣು ಕುಸಿದ ದಿನವಾದರೆ ಅವರು ಬರುವುದೂ ಇಲ್ಲ. ಹಾಗಾಗಿ ಬಯಾಸ್ (ಸರ್ವರ್ ಆನ್ ಆದ ಕೂಡಲೇ ಮೊದಲು ಓಡುವ ಮೂಲ ಪ್ರೋಗ್ರಾಂ) ಒಳಗೆ ಹೋಗಿ ಯುಎಸ್‌ಬಿ, ನೆಟ್‌ವರ್ಕ್ ಪೋರ್ಟಿನಂಥ ಒಳಸಾಧನಗಳನ್ನು ಸೆಟ್ ಮಾಡುವ ಕೆಲಸಕ್ಕೆ ಮೇ ತಿಂಗಳ ಒಂದು ಭಾನುವಾರವನ್ನು ಮೀಸಲಿಡಿ. ಮೊದಲು ಬ್ಯಾಕಪ್ ತೆಗೆಯಿರಿ. ಬಳಸದ ಸಾಧನವನ್ನು ಬಂದ್ ಮಾಡುವುದು ಸರಿಯೇ, ಆದರೆ ಅದನ್ನು ಮತ್ತೆ ಚಾಲೂ ಮಾಡಲು ಒಳಹೋಗುವ ದಾರಿ ಒಂದಾದರೂ ಉಳಿದಿರಬೇಕು.

ಡೆಲ್ ಪವರ್‌ಎಡ್ಜ್ ಆದರೆ ಆನ್ ಮಾಡಿದ ಕೂಡಲೇ ಎಫ್2 ಒತ್ತಿ, ‘ಸಿಸ್ಟಮ್ ಬಯಾಸ್’ ಒಳಗಿನ ‘ಇಂಟಿಗ್ರೇಟೆಡ್ ಡಿವೈಸಸ್’ ಪುಟಕ್ಕೆ ಹೋಗಿ. ಎಚ್‌ಪಿಇ ಪ್ರೊಲಯಂಟ್‌ನಲ್ಲಿ ಎಫ್9. ಅಲ್ಲಿ ಯುಎಸ್‌ಬಿ, ನೆಟ್‌ವರ್ಕ್, ಸಾಟಾ (ಡಿಸ್ಕ್ ಜೋಡಿಸುವ ಸಂಪರ್ಕ) ಒಂದೇ ಪುಟದಲ್ಲಿ ಸಿಗುವುದಿಲ್ಲ, ಬೇರೆ ಬೇರೆ ಮೆನುಗಳಲ್ಲಿ ಹುಡುಕಬೇಕು. ಮೆಮೊರಿ ತಪಾಸಣೆಗೆ ಕೆಲವು ನಿಮಿಷ ಹಿಡಿಯುತ್ತದೆ. ಪರದೆ ಕಪ್ಪಾಗಿದೆಯೆಂದು ಪವರ್ ಬಟನ್ ಒತ್ತಬೇಡಿ. ಏನನ್ನೂ ಬದಲಿಸುವ ಮೊದಲು ಪ್ರತಿ ಪುಟದ ಫೋಟೋವನ್ನು ಮೊಬೈಲ್‌ನಲ್ಲಿ ತೆಗೆದಿಟ್ಟುಕೊಳ್ಳಿ. ವಿಂಡೋಸ್‌ನಲ್ಲಿ ಡಿಸ್ಕಿಗೆ ಬೀಗ ಹಾಕುವ ಬಿಟ್‌ಲಾಕರ್ ಇದ್ದರೆ ಅದನ್ನು ಸಸ್ಪೆಂಡ್ ಮಾಡಿ, ರಿಕವರಿ ಕೀ ಕಾಗದದಲ್ಲಿ ಬರೆದಿಡಿ. ಫರ್ಮ್‌ವೇರ್ ಬದಲಾದುದನ್ನು ಟಿಪಿಎಂ ಎಂಬ ಭದ್ರತಾ ಚಿಪ್ ಗಮನಿಸಿದರೆ ಮುಂದಿನ ಬೂಟ್‌ನಲ್ಲಿ 48 ಅಂಕಿಯ ಆ ಕೀ ಕೇಳುತ್ತದೆ. ಒಂದು ಸಲಕ್ಕೆ ಒಂದೇ ಬದಲಾವಣೆ ಮಾಡಿ, ರೀಬೂಟ್ ಮಾಡಿ ನೋಡಿ, ಆಮೇಲೆ ಮುಂದಿನದು.

ಹೆಚ್ಚು ಜನ ಎಡವುವುದು ನೆಟ್‌ವರ್ಕ್ ಪೋರ್ಟಿನಲ್ಲಿ. ಖಾಲಿ ಇರುವ ಪೋರ್ಟ್ ಬಂದ್ ಮಾಡುವ ಮೊದಲು ಐಡ್ರಾಕ್ (ಡೆಲ್) ಅಥವಾ ಐಎಲ್‌ಒ (ಎಚ್‌ಪಿಇ), ಅಂದರೆ ಸರ್ವರನ್ನು ದೂರದಿಂದಲೇ ನಿಭಾಯಿಸುವ ಸಾಧನ, ಯಾವ ಪೋರ್ಟ್ ಹಿಡಿದುಕೊಂಡಿದೆ ನೋಡಿ. ಅದು ಮದರ್‌ಬೋರ್ಡಿನ ಪೋರ್ಟನ್ನೇ ಹಂಚಿಕೊಂಡಿದ್ದರೆ, ನೀವು ಆ ಪೋರ್ಟ್ ಮುಚ್ಚಿದಾಗ ದೂರದಿಂದ ಒಳಹೋಗುವ ದಾರಿಯೂ ಮುಚ್ಚಬಹುದು. ಮೊದಲು ಅದನ್ನು ‘ಡೆಡಿಕೇಟೆಡ್’ಗೆ ಬದಲಿಸಿ, ಅದಕ್ಕೆಂದೇ ಇರುವ ಪೋರ್ಟಿಗೆ ಬೇರೆ ಕೇಬಲ್ ಹಾಕಿ, ಲಾಗಿನ್ ಆಗುತ್ತದೆಯೇ ಪರೀಕ್ಷಿಸಿ. ಇನ್ನೊಂದು ತೊಂದರೆ ಲಿನಕ್ಸ್‌ನಲ್ಲಿ. ಕೆಲವು ನೆಟ್‌ವರ್ಕ್ ಇಂಟರ್‌ಫೇಸ್‌ಗಳ ಹೆಸರು, ಕಾರ್ಡ್ ಬೋರ್ಡಿನಲ್ಲಿ ಎಲ್ಲಿ ಕೂತಿದೆ ಎಂದು ಹೇಳುವ ಪಿಸಿಐ ಬಸ್ ಸಂಖ್ಯೆಯಿಂದ ಬರುತ್ತದೆ. ಒಂದು ಸಾಧನ ಬಂದ್ ಆದಾಗ ಆ ಸಂಖ್ಯೆ ಸರಿದು, ‘ಇಎನ್‌ಪಿ4’ ಎಂದು ಶುರುವಾಗುತ್ತಿದ್ದ ಹೆಸರು ‘ಇಎನ್‌ಪಿ3’ ಆಗಬಹುದು. ಕಾರ್ಡ್ ಸರಿಯಿದೆ, ಕೇಬಲ್ ಸರಿಯಿದೆ, ಐಪಿ ಮಾತ್ರ ಇಲ್ಲ ಎಂದಾದರೆ ಮೊದಲು ಇದನ್ನೇ ನೋಡಿ. ಮ್ಯಾಕ್ ವಿಳಾಸಕ್ಕೆ (ಪೋರ್ಟಿನ ಸ್ವಂತ ಗುರುತು ಸಂಖ್ಯೆಗೆ) ಬೆಸೆದ ಸಾಫ್ಟ್‌ವೇರ್ ಲೈಸೆನ್ಸ್ ಇದ್ದರೆ ಆ ಪೋರ್ಟ್ ಖಾಲಿಯಿದ್ದರೂ ಮುಟ್ಟಬೇಡಿ.

ಸಾಟಾ ಮೋಡ್ ಇನ್ನೂ ಸೂಕ್ಷ್ಮ. ಎಎಚ್‌ಸಿಐನಲ್ಲಿ (ಡಿಸ್ಕನ್ನು ನೇರವಾಗಿ ಬಳಸುವ ಮೋಡ್) ಇನ್‌ಸ್ಟಾಲ್ ಆದ ಸಿಸ್ಟಮ್ಮನ್ನು ‘ರೇಡ್’ಗೆ (ಹಲವು ಡಿಸ್ಕ್ ಸೇರಿಸಿ ಬಳಸುವ ಮೋಡ್) ತಿರುಗಿಸಿದರೆ ಡಿಸ್ಕ್ ಓದಲು ಬೇಕಾದ ಡ್ರೈವರ್ ಬದಲಾಗುತ್ತದೆ. ವಿಂಡೋಸ್ ನೀಲಿ ಪರದೆಯಲ್ಲಿ ‘ಇನ್‌ಆಕ್ಸೆಸಿಬಲ್ ಬೂಟ್ ಡಿವೈಸ್’ ಎಂದು ತೋರಿಸಿ ನಿಲ್ಲುತ್ತದೆ. ಗಾಬರಿಯಾಗಿ ಹೊಸದಾಗಿ ರೇಡ್ ಸೃಷ್ಟಿಸಲು ಹೋಗಬೇಡಿ, ಡೇಟಾ ಹೋಗುವುದು ಆ ಹಂತದಲ್ಲೇ. ಫೋಟೋ ನೋಡಿ ಹಳೆಯ ಮೋಡ್‌ಗೆ ಮರಳಿಸಿದರೆ ಸಾಮಾನ್ಯವಾಗಿ ಮೊದಲಿನಂತೆ ಏಳುತ್ತದೆ. ಬಯಾಸ್ ಎಂಬ ಹಳೆಯ ಬೂಟ್ ಮೋಡ್‌ನಿಂದ ಯುಇಎಫ್‌ಐ ಎಂಬ ಹೊಸದಕ್ಕೆ ಬದಲಿಸುವಾಗಲೂ ಇದೇ ಎಚ್ಚರ ಬೇಕು.

ಯುಎಸ್‌ಬಿಗೆ ‘ಓನ್ಲಿ ಬ್ಯಾಕ್ ಪೋರ್ಟ್ಸ್ ಆನ್’ ಸಾಕು. ಕೌಂಟರ್ ಪಕ್ಕದಲ್ಲೇ ರ‍್ಯಾಕ್ ಇರುವ ಕಚೇರಿಗಳಲ್ಲಿ ಯಾರದೋ ಪೆನ್‌ಡ್ರೈವ್ ಮುಂದಿನ ಪೋರ್ಟಿಗೆ ಸೇರುವುದು ತಪ್ಪುತ್ತದೆ, ನಿಮ್ಮ ಕೀಬೋರ್ಡ್‌ಗೆ ಹಿಂದಿನದು ಇರುತ್ತದೆ. ಹೈಪರ್‌ವೈಸರ್ (ಒಂದೇ ಸರ್ವರ್‌ನಲ್ಲಿ ಹಲವು ವರ್ಚುವಲ್ ಮೆಷಿನ್ ಓಡಿಸುವ ಸಾಫ್ಟ್‌ವೇರ್) ಒಳಗಿನ ಯುಎಸ್‌ಬಿಯಿಂದ ಬೂಟ್ ಆಗುತ್ತಿದ್ದರೆ ‘ಇಂಟರ್ನಲ್ ಯುಎಸ್‌ಬಿ ಪೋರ್ಟ್’ ಚಾಲೂ ಇರಲಿ. ಬೇರೆ ಗ್ರಾಫಿಕ್ಸ್ ಕಾರ್ಡ್ ಹಾಕಿದ್ದರೂ ‘ಎಂಬೆಡೆಡ್ ವಿಡಿಯೋ’ ಬಂದ್ ಮಾಡಬೇಡಿ, ಐಡ್ರಾಕ್‌ನ ವರ್ಚುವಲ್ ಕನ್ಸೋಲ್‌ಗೆ ಚಿತ್ರ ಬರುವುದು ಅಲ್ಲಿಂದ. ‘ಎಸ್‌ಆರ್-ಐಒವಿ’ ವರ್ಚುವಲ್ ಮೆಷಿನ್‌ಗೆ ನೇರ ನೆಟ್‌ವರ್ಕ್ ಕೊಡುವವರಿಗೆ ಮಾತ್ರ ಬೇಕು. ಆಗ ಪ್ರೊಸೆಸರ್ ಪುಟದ ವರ್ಚುವಲೈಸೇಶನ್ ಕೂಡ ಆನ್ ಇರಬೇಕು.

ಇನ್ನು ನಮ್ಮ ಜಿಲ್ಲೆಗೆ ಎಲ್ಲಕ್ಕಿಂತ ಮುಖ್ಯವಾದದ್ದು, ಬೇರೆ ಪುಟದಲ್ಲಿ ಅಡಗಿರುವ ‘ಎಸಿ ಪವರ್ ರಿಕವರಿ’. ಕರೆಂಟ್ ಹೋಗಿ ಬಂದಾಗ ಸರ್ವರ್ ಏನು ಮಾಡಬೇಕು ಎಂದು ಹೇಳುವುದು ಇದು. ‘ಲಾಸ್ಟ್’, ‘ಆನ್’, ‘ಆಫ್’ ಎಂಬ ಮೂರು ಆಯ್ಕೆಗಳಿವೆ. ‘ಲಾಸ್ಟ್’ ಇಟ್ಟರೆ ಸಾಕು ಎನಿಸುತ್ತದೆ, ಸಾಲದು. ರಾತ್ರಿ ಕರೆಂಟ್ ಹೋಗಿ, ಯುಪಿಎಸ್ ಬ್ಯಾಟರಿ ಇಳಿದು, ಅದರ ಸಾಫ್ಟ್‌ವೇರ್ ಸರ್ವರನ್ನು ಕ್ರಮವಾಗಿ ಶಟ್‌ಡೌನ್ ಮಾಡಿದರೆ ಸರ್ವರ್‌ಗೆ ನೆನಪಿರುವ ಕೊನೆಯ ಸ್ಥಿತಿ ‘ಆಫ್’. ಬೆಳಿಗ್ಗೆ ಕರೆಂಟ್ ಬಂದರೂ ಅದು ಏಳುವುದಿಲ್ಲ. ‘ಆನ್’ ಇಡಿ. ಜೊತೆಗೆ ‘ಯೂಸರ್ ಡಿಫೈನ್ಡ್’ ವಿಳಂಬವನ್ನು 180 ಸೆಕೆಂಡಿಗೆ ಇಡಿ. ಮಳೆಗಾಲದಲ್ಲಿ ಲೈನ್ ಬಂದು, ಹೋಗಿ, ಮತ್ತೆ ಬರುವುದೇ ಹೆಚ್ಚು. ನೆಟ್‌ವರ್ಕ್ ಸ್ವಿಚ್ಚು ಮತ್ತು ಎನ್‌ಎಎಸ್ (ನೆಟ್‌ವರ್ಕಿನ ಡಿಸ್ಕ್ ಪೆಟ್ಟಿಗೆ) ಮೊದಲು ಎದ್ದು ನಿಲ್ಲಲೂ ಇಷ್ಟು ಸಮಯ ಬೇಕು.

ಇದರಲ್ಲೂ ಒಂದು ಸಂದು ಉಳಿಯುತ್ತದೆ. ಶಟ್‌ಡೌನ್ ಆದ ಮೇಲೆ, ಯುಪಿಎಸ್ ಪೂರ್ತಿ ಬರಿದಾಗುವ ಮುಂಚೆಯೇ ಕರೆಂಟ್ ಬಂದರೆ ಸರ್ವರ್‌ಗೆ ವಿದ್ಯುತ್ ತಪ್ಪಿಯೇ ಇರುವುದಿಲ್ಲ. ಹಾಗಾಗಿ ‘ರಿಕವರಿ’ ಕೆಲಸಕ್ಕೇ ಬರುವುದಿಲ್ಲ. ಶಟ್‌ಡೌನ್ ನಂತರ ಔಟ್‌ಪುಟ್ಟನ್ನೇ ಕಡಿದು ಮತ್ತೆ ಕೊಡುವಂತೆ ಯುಪಿಎಸ್ ಸಾಫ್ಟ್‌ವೇರಿನಲ್ಲೂ ಹೇಳಬೇಕು.

ಕರಾವಳಿಯ ಉಪ್ಪುಗಾಳಿಯಲ್ಲಿ ಗಡಿಯಾರ ನಡೆಸುವ ಸಿಆರ್2032 ನಾಣ್ಯ ಬ್ಯಾಟರಿಯ ಹಿಡಿಗೂ ಕಿಲುಬು ಹಿಡಿಯುತ್ತದೆ. ರೀಬೂಟ್ ಆದಾಗಲೆಲ್ಲ ಗಡಿಯಾರ ಹಿಂದೆ ಹೋಗುತ್ತಿದ್ದರೆ ಪವರ್ ಕೇಬಲ್‌ಗಳನ್ನೆಲ್ಲ ಕಿತ್ತು, ಬೋರ್ಡಿನ ದೀಪ ಆರಿದ ಮೇಲೆ ಬ್ಯಾಟರಿ ಬದಲಿಸಿ. ಆಮೇಲೆ ಬಯಾಸ್‌ಗೆ ಹೋಗಿ ದಿನಾಂಕ ಸರಿಪಡಿಸಿ, ಪ್ರತಿ ಪುಟವನ್ನೂ ಫೋಟೋ ಜೊತೆ ಹೋಲಿಸಿ.

ಕೊನೆಗೆ ಯುಪಿಎಸ್‌ನ ಗೋಡೆ ಪ್ಲಗ್ ನಿಜವಾಗಿಯೂ ಕಿತ್ತು ನೋಡಿ. ಶಟ್‌ಡೌನ್ ಆಗಲು ಬಿಡಿ, ಪ್ಲಗ್ ಹಾಕಿ, 180 ಸೆಕೆಂಡ್ ಕಾಯಿರಿ. ಯಾರೂ ಬಟನ್ ಮುಟ್ಟದೆ ಸರ್ವರ್ ಎದ್ದು, ಪಕ್ಕದ ಕಂಪ್ಯೂಟರಿನಿಂದ ಲಾಗಿನ್ ಆಗಬೇಕು. ಆಗದಿದ್ದರೆ ತಪ್ಪು ಯುಪಿಎಸ್‌ನದೋ ಬಯಾಸ್‌ನದೋ ಎಂದು ಅವತ್ತೇ ಹುಡುಕಿ.