ಡಿಸ್ಕ್ ಕೊಂಡು, ಆಡಿ, ಮಾರಿ: ನನ್ನ ಪಿಎಸ್5 ಲೆಕ್ಕ

2021ರಲ್ಲಿ ಸೋನಿಯ ವಿಡಿಯೊ ಗೇಮ್ ಯಂತ್ರ ಪಿಎಸ್5 (ಪ್ಲೇಸ್ಟೇಷನ್ 5) ಇಲ್ಲಿಗೆ ಬಂದಾಗ ಡಿಸ್ಕ್ ಡ್ರೈವ್ ಇರುವುದಕ್ಕೆ 49,990 ರೂಪಾಯಿ, ಇಲ್ಲದ್ದಕ್ಕೆ 39,990. ಡಿಸ್ಕ್ ಕಾಲ ಮುಗೀತು, ಸುಮ್ನೆ ಹತ್ತು ಸಾವಿರ ದಂಡ ಅಂತ ಬೆಂಗಳೂರಿನ ಗೆಳೆಯರೆಲ್ಲ ಹೇಳಿದರು. ನಾನು ಡ್ರೈವ್ ಇರುವುದನ್ನೇ ತಗೊಂಡೆ. ಆ ಹತ್ತು ಸಾವಿರ ಮೊದಲ ವರ್ಷದಲ್ಲೇ ಹುಟ್ಟಿತು.

ಲೆಕ್ಕ ಇಷ್ಟೇ. ದೊಡ್ಡ ಆಟ ಹೊಸದು 4,999. ಎರಡು ಮೂರು ವಾರದಲ್ಲಿ ಯಾರಾದರೂ ಆಡಿ ಮುಗಿಸಿ 3,500ರ ಆಸುಪಾಸಿಗೆ ಮಾರಲು ಬರುತ್ತಾರೆ. ಅವರಿಂದ ಕೊಂಡು, ತಿಂಗಳೊಳಗೆ ಮುಗಿಸಿ, ಮೂರು ಸಾವಿರಕ್ಕೆ ದಾಟಿಸುತ್ತೇನೆ. ನನಗೆ ಬಿದ್ದಿದ್ದು ಐನೂರು! ಡಿಜಿಟಲ್‌ನಲ್ಲಿ, ಅಂದರೆ ನೆಟ್‌ನಿಂದ ಇಳಿಸಿಕೊಳ್ಳುವಂತೆ, ಕೊಂಡ ಆಟ ಅಕೌಂಟಿಗೇ ಅಂಟಿಕೊಂಡಿರುತ್ತದೆ, ಮಾರುವ ಮಾತೇ ಇಲ್ಲ ಅಲ್ವಾ. ಹೊರೈಜನ್ ಫರ್ಬಿಡನ್ ವೆಸ್ಟ್ ಆಟದ ಪಿಎಸ್4 (ಹಿಂದಿನ ಯಂತ್ರ) ಡಿಸ್ಕ್ ಇನ್ನೂ ಅಗ್ಗಕ್ಕೆ ಸಿಕ್ಕಿತು, ಪಿಎಸ್5 ಅಪ್‌ಗ್ರೇಡ್ ಪುಕ್ಕಟೆ. ಆಡುವಾಗ ಡಿಸ್ಕ್ ಒಳಗಿರಬೇಕು, ಅಷ್ಟೇ.

ಕೈ ಸುಟ್ಟಿದ್ದೂ ಇದೆ. ಕೊರಿಯರ್‌ನಲ್ಲಿ ಬಂದ ಒಂದು ಡಿಸ್ಕ್ ನಡುವಿನ ತೂತಿನ ಸುತ್ತ ಸೀಳಿತ್ತು. ಮಾರಿದವನು ಫೋನೇ ಎತ್ತಲಿಲ್ಲ, 1,800 ಹೋಯಿತು. ಇನ್ನೊಂದು ಬೇರೆ ದೇಶಗಳಿಗೆಂದು ಮಾಡಿದ, ಅಂದರೆ ಬೇರೆ ರೀಜನ್‌ನದು, ಆಟವೇನೋ ಓಡಿತು, ಆದರೆ ನನ್ನ ಅಕೌಂಟಿನಲ್ಲಿ ಕೊಂಡ ಡಿಎಲ್‌ಸಿ (ಆಟಕ್ಕೆ ಆಮೇಲೆ ಸೇರಿಸಿಕೊಳ್ಳುವ ಹೆಚ್ಚುವರಿ ಭಾಗ) ಅದಕ್ಕೆ ಕೂಡಲಿಲ್ಲ. ಈಗ ಮೆಟ್ರೊ ಸ್ಟೇಷನ್ ಹತ್ತಿರ ಕೈಯಿಂದ ಕೈಗೆ ಮಾತ್ರ. ಮೊಬೈಲ್ ಟಾರ್ಚ್ ಹಾಕಿ ಮೊದಲು ನೋಡುವುದು ಆ ನಡುವಿನ ಉಂಗುರ, ಗೀರು ಆಮೇಲೆ. ಫುಟ್‌ಬಾಲ್ ಆಟದ ಡಿಸ್ಕ್ ಮುಟ್ಟುವುದೇ ಇಲ್ಲ. ವರ್ಷಕ್ಕೊಂದು ಹೊಸದು ಬರುತ್ತದೆ, ಹಳೆಯದನ್ನು ಏಳುನೂರಕ್ಕೂ ಕೇಳುವವರಿಲ್ಲ. ದಿನಾ ಆಡುವಂಥವನ್ನು ಸೇಲ್‌ನಲ್ಲಿ ಡಿಜಿಟಲ್ ತಗೊಳ್ಳುತ್ತೇನೆ.

ಮಧ್ಯೆ ಗೀರು ತೆಗೆಯುವ ಹುಚ್ಚೂ ಹಿಡಿದಿತ್ತು. ಹಳೆಯ ಎಕ್ಸ್‌ಬಾಕ್ಸ್ 360 ಯಂತ್ರದ ಡಿವಿಡಿ ಡಿಸ್ಕ್‌ಗಳನ್ನು ಟೂತ್‌ಪೇಸ್ಟ್ ಹಚ್ಚಿ ಉಜ್ಜಿದೆ, ಸುಮಾರು ಅರ್ಧದಷ್ಟು ಬದುಕಿದವು. ಪಿಎಸ್5 ಡಿಸ್ಕ್ ಬ್ಲೂ-ರೇ, ಅದಕ್ಕೆ ಇದು ನಡೆಯುವುದಿಲ್ಲ. ಡಿವಿಡಿಯಲ್ಲಿ ಡೇಟಾ 0.6 ಮಿಲಿಮೀಟರ್ ಒಳಗಿದ್ದರೆ ಬ್ಲೂ-ರೇಯಲ್ಲಿ ಬರೀ 0.1. ಉಜ್ಜಿದರೆ ಆಟವೇ ಹೋಗುತ್ತದೆ.

2023ರ ಅಕ್ಟೋಬರಿನಲ್ಲಿ ಅಲನ್ ವೇಕ್ 2 ಡಿಜಿಟಲ್‌ನಲ್ಲಿ ಮಾತ್ರ ಬಂದಾಗ, ಈಗೇನ್ ಮಾಡ್ತೀಯಾ ಅಂತ ಅದೇ ಗೆಳೆಯರು ಕೇಳಿದರು. ಕಾದೆ. ಮರುವರ್ಷದ ಅಕ್ಟೋಬರಿನಲ್ಲಿ ಡಿಸ್ಕ್ ಬಂತು, ಆಡಿದೆ, ಮಾರಿದೆ. ಅವರಲ್ಲೊಬ್ಬ ಈಗ ನನ್ನ ಹತ್ತಿರವೇ ಡಿಸ್ಕ್ ಕೊಳ್ಳುತ್ತಾನೆ. ಬೆಲೆ ಇಳಿಯುವ ವಾರ ನನಗೆ ಮೊದಲೇ ಹೇಗೆ ಗೊತ್ತಾಗುತ್ತದೆ ಅನ್ನುವುದನ್ನು ಮಾತ್ರ ಅವನಿಗೂ ಹೇಳಿಲ್ಲ, ಇಲ್ಲೂ ಹೇಳುವುದಿಲ್ಲ.