ಕಾರಿನಲ್ಲಿ ನಾಯಿಮರಿಯ ವಾಂತಿ ನಿಂತಿದ್ದು ಹೀಗೆ

ನಮ್ಮ 3 ತಿಂಗಳ ಮರಿ ಕಾರು ಹೊರಟ ಸ್ವಲ್ಪ ಹೊತ್ತಿಗೇ ವಾಂತಿ ಮಾಡುತ್ತಿತ್ತು. ಮುಂದೆ ಇಡೀ ದಿನದ ಪ್ರಯಾಣವಿತ್ತು. ಅದನ್ನು ಬಿಟ್ಟು ಹೋಗಲು ಮನಸ್ಸಿರಲಿಲ್ಲ.

ಮರಿಗಳ ಒಳಕಿವಿಯಲ್ಲಿ ಸಮತೋಲನ ಕಾಯುವ ಭಾಗ ಇನ್ನೂ ಪೂರ್ತಿ ಬಲಿತಿರುವುದಿಲ್ಲ. ಅದಕ್ಕೇ ದೊಡ್ಡ ನಾಯಿಗಳಿಗಿಂತ ಅವಕ್ಕೆ ಈ ಕಾಟ ಜಾಸ್ತಿ. ವಾಂತಿಗೆ ಮೊದಲೇ ಸೂಚನೆ ಸಿಗುತ್ತದೆ. ಬಾಯಂಚಿನಿಂದ ಜೊಲ್ಲು ಎಳೆಎಳೆಯಾಗಿ ಇಳಿಯುತ್ತದೆ, ಮರಿ ತುಟಿ ನೆಕ್ಕುತ್ತದೆ, ಮೇಲಿಂದ ಮೇಲೆ ಆಕಳಿಸುತ್ತದೆ. ಪಾಪ, ನಿದ್ದೆ ಬಂದಿದೆ ಅನ್ನಿಸುತ್ತದೆ, ಅಲ್ವಾ?

ಊಟವನ್ನು ಹೊರಡುವ 3 ಗಂಟೆ ಮುಂಚೆಯೇ, ಅದೂ ಸ್ವಲ್ಪವೇ ಕೊಟ್ಟೆ. ನೀರು ಮಾತ್ರ ತಪ್ಪಿಸಲಿಲ್ಲ. ಅದು ಮನೆಯಲ್ಲಿ ಮಲಗುವ ಪಂಜರವನ್ನೇ ಹಿಂದಿನ ಸೀಟಿಗೆ ಬಿಗಿದು ಕಟ್ಟಿ, ಒಳಗೆ ಅದರದೇ ಹಳೇ ಹೊದಿಕೆ ಹಾಸಿದೆ. ಕಿಟಕಿ ಒಂದಿಷ್ಟು ತೆರೆದಿಟ್ಟೆ.

ನಿಜವಾಗಿ ಕೆಲಸ ಮಾಡಿದ್ದು ಅಭ್ಯಾಸ. ಪ್ರಯಾಣಕ್ಕೆ ಮುಂಚಿನ ದಿನಗಳಲ್ಲಿ ನಿಂತ ಕಾರಿನಲ್ಲಿ ಸುಮ್ನೆ ಕೂರಿಸಿ ತಿಂಡಿ ಕೊಟ್ಟೆ. ಆಮೇಲೆ ಎಂಜಿನ್ ಚಾಲೂ ಮಾಡಿದೆ, ಮತ್ತೆ ಬೀದಿ ಕೊನೆಯವರೆಗೆ ಒಂದು ಸುತ್ತು. ಕಾರು ಕಂಡರೆ ನಡುಗುತ್ತಿದ್ದ ಮರಿ ತಾನೇ ಬಾಗಿಲ ಹತ್ತಿರ ಬಂದು ನಿಲ್ಲತೊಡಗಿತು. ಆ ಖುಷಿಯೇ ಬೇರೆ!

ದಾರಿಯಲ್ಲಿ 2 ಗಂಟೆಗೊಮ್ಮೆ ನಿಲ್ಲಿಸಿದೆವು. ಲಸಿಕೆ ಪೂರ್ತಿಯಾಗಿರಲಿಲ್ಲ. ಮರಿಗಳ ಜೀವಕ್ಕೇ ಕುತ್ತು ತರುವ ವಾಂತಿ-ಭೇದಿಯ ರೋಗ ಹರಡುವ ಪಾರ್ವೋ ವೈರಸ್ ಮಣ್ಣಿನಲ್ಲಿ ತಿಂಗಳುಗಟ್ಟಲೆ ಬದುಕಿರುತ್ತದೆ. ಹಾಗಾಗಿ ಬೇರೆ ನಾಯಿಗಳು ಓಡಾಡುವ ಜಾಗದಲ್ಲಿ ಬಿಡದೆ, ನಾವೇ ಒಯ್ದ ಹಾಳೆ ಹಾಸಿ ಅದರ ಮೇಲೆ ಮೂತ್ರ ಮಾಡಿಸಿದೆವು. ಕಾರಿನಲ್ಲಿ ಒಂಟಿಯಾಗಿ ಬಿಡಲೇ ಇಲ್ಲ. ಬಿಸಿಲಲ್ಲಿ ನಿಂತ ಕಾರು ನಿಮಿಷಗಳಲ್ಲೇ ಕಾದುಬಿಡುತ್ತದೆ.

ಇಷ್ಟಾದರೂ ವಾಂತಿ ನಿಲ್ಲದಿದ್ದರೆ ಪಶುವೈದ್ಯರನ್ನು ಕೇಳಿ. ಮರಿಗೆ ಹೊಂದುವ ಔಷಧಿಗಳಿವೆ. ಮನುಷ್ಯರ ಮಾತ್ರೆ ಮಾತ್ರ ನೀವೇ ಕೊಡಬೇಡಿ.